ಚಾಚಾಗೆ ನಾನು ಬರೆದುಕೊಟ್ಟ ಮನೆ

ಚಾಚಾ ಅವರ ಮುಂದಿನ ಹಲ್ಲೊಂದರ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದ ಕಚ್ಚು. ಕತ್ತರಿ, ಇಕ್ಕಳ ಎರಡೂ ಕೈಗೆಟಕುವಲ್ಲೇ ಇರುತ್ತಿದ್ದವು. ಆದರೂ ವೈರು ಮೊದಲು ಬಾಯಿಗೇ ಹೋಗುತ್ತಿತ್ತು.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಒಂದು ಕಾಲದಲ್ಲಿ ರೇಡಿಯೊ ರಿಪೇರಿ, ಆಮೇಲೆ ಟೇಪ್ ರೆಕಾರ್ಡರು, ನಾನು ಕಂಡಾಗ ವೈಫೈ ರೂಟರು. ಕೇಳಿದ ಕೂಡಲೇ ಡಬ್ಬಿ ತೆಗೆದುಕೊಡುವ ಜಾಯಮಾನ ಅವರದಲ್ಲ. ಬಿಲ್ ಪುಸ್ತಕದ ಹಿಂದಿನ ಹಾಳೆ, ಒಂದು ಪೆನ್ನು ಮುಂದೆ ತಳ್ಳಿ, "ಮೊದ್ಲು ಮನೆ ಬರೀರಿ" ಎನ್ನುತ್ತಿದ್ದರು. ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಕೂತು ಕೆಲಸ ಮಾಡುವುದು ಎಲ್ಲಿ, ಎಲ್ಲವನ್ನೂ ಗೆರೆ ಎಳೆದು ತೋರಿಸಬೇಕು. ಅದನ್ನು ನೋಡಿಯೇ ಅವರು ರೂಟರು ಆರಿಸುತ್ತಿದ್ದದ್ದು. ಇಂದಿರಾನಗರದಿಂದ ಬಂದವರೊಬ್ಬರು ನಾಲ್ಕು ಆಂಟೆನಾದ ದುಬಾರಿ ರೂಟರೇ ಬೇಕೆಂದು ಹಟ ಹಿಡಿದಾಗ, "ಒಂದು ರೂಮಿಗೆ ನಾಲ್ಕು ಕೊಂಬು ಯಾಕೆ ಸಾರ್? ಗೂಳಿ ಸಾಕ್ತೀರಾ?" ಎಂದು ಸಣ್ಣದನ್ನೇ ಕೊಟ್ಟು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ನಾನು ಹೋದದ್ದು ಕೊರೊನಾ ಕಾಲದಲ್ಲಿ. ಅಂಗಡಿಗಳು ಮತ್ತೆ ತೆರೆದಿದ್ದವು, ಕಾಲೇಜು ತೆರೆದಿರಲಿಲ್ಲ. ಕೊನೆಯ ಸೆಮಿಸ್ಟರಿನ ಐದು ಪರೀಕ್ಷೆಗಳನ್ನು ಮನೆಯಿಂದ ಕಂಪ್ಯೂಟರಿನಲ್ಲೇ ಬರೆಯಬೇಕಿತ್ತು. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವರೇ ಇರಲಿಲ್ಲ. ಅಮ್ಮ ಹಲಸೂರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಬ್ಲೌಸು ಹೊಲಿದು ನನ್ನನ್ನು ಅಲ್ಲಿಯವರೆಗೆ ತಂದಿದ್ದಳು. ಮಿಷನ್ನಿನ ಸದ್ದಿಗೆ ಕೆಳಗೆ ಓದಲಾಗುತ್ತಿರಲಿಲ್ಲ. ಮೂರು ಮಹಡಿ ಮೇಲೆ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಒಂದು ಶೀಟಿನ ಶೆಡ್ಡು ಇತ್ತು. ನಾನು ಓದುತ್ತಿದ್ದದ್ದು ಅಲ್ಲಿ.

ಚಾಚಾ ಹಾಳೆ ತಳ್ಳಿದರು. ಹಿಂದೆ ನಾಲ್ಕೈದು ಜನ ಗಿರಾಕಿಗಳು ನನ್ನ ಭುಜದ ಮೇಲಿಂದಲೇ ನೋಡುತ್ತಿದ್ದರು. ಪೆನ್ನು ಹಿಡಿದ ಕೈ ಒಂದು ಹಾಲ್ ಬರೆಯಿತು, ಒಂದು ಅಡುಗೆಮನೆ ಬರೆಯಿತು. ಹಾಲಿನ ಪಕ್ಕಕ್ಕೆ ಇನ್ನೊಂದು ಚೌಕ ಎಳೆದು "ಸ್ಟಡಿ ರೂಮ್" ಎಂದು ಬರೆದೆ. ಟ್ಯಾಂಕ್ ಶೆಡ್ಡನ್ನು ಆ ಜನರೆದುರು ಬರೆಯಲು ನನ್ನಿಂದಾಗಲಿಲ್ಲ.

"ನಡುವೆ ಒಂದೇ ಗೋಡೆ ತಾನೇ? ಸಣ್ಣದು ಸಾಕು ಬೇಟಾ. ಹಾಲಲ್ಲಿ ಎತ್ತರಕ್ಕೆ ಇಡಿ" ಎಂದರು.

ಅಮ್ಮ ರೂಟರನ್ನು ಬೀರುವಿನ ಮೇಲೆ ಇಟ್ಟಳು. ಪರೀಕ್ಷೆಯ ಹಿಂದಿನ ದಿನ ಶೆಡ್ಡಿನಲ್ಲಿ ಎರಡು ಕಡ್ಡಿ ಸಿಗ್ನಲ್ ಬಂದಿತ್ತು, ಸಾಕೆಂದುಕೊಂಡೆ. ಮೊದಲ ಪರೀಕ್ಷೆಯ ಅರ್ಧದಲ್ಲಿ ಪರದೆ ನಿಂತುಹೋಯಿತು. ಎಷ್ಟು ಒದ್ದಾಡಿದರೂ ಒಳಗೆ ಹೋಗಲಾಗಲಿಲ್ಲ. ಕಾಲೇಜಿನವರು ಗೈರುಹಾಜರಿ ಹಾಕಿದರು.

ನೇರ ಅಂಗಡಿಗೆ ಹೋದೆ. ಜನ ತುಂಬಿದ್ದರು. "ನಿಮ್ಮ ಡಬ್ಬಾ ಮಾಲಿಂದ ನನ್ನ ಡಿಗ್ರಿ ಹೋಯ್ತು! ಗೊತ್ತಿಲ್ದೆ ಇದ್ರೆ ಯಾಕ್ರೀ ಮಾರ್ತೀರಾ?" ಎಂದು ಕೂಗಾಡಿದೆ. ಒಬ್ಬರು ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದರು. ಚಾಚಾ ಅತ್ತ ನೋಡಲಿಲ್ಲ.

"ಮುಂದಿನ ಪೇಪರ್ ಯಾವಾಗ?"

"ನಾಳೆ ಹತ್ತಕ್ಕೆ."

ನಡುಮಧ್ಯಾಹ್ನ ಷಟರ್ ಎಳೆದು, ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನನ್ನೊಡನೆ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ನಮ್ಮ ಒಂದು ಕೋಣೆಯನ್ನು ಆ ಗೋಡೆಯಿಂದ ಈ ಗೋಡೆಯವರೆಗೆ ನೋಡಿದರು.

"ಹುಡುಗಿ ಎಲ್ಲಿ ಓದ್ತಾಳಮ್ಮಾ?"

"ಇಲ್ಲೆಲ್ಲಿ ಓದ್ತಾಳಣ್ಣಾ, ಮೇಲೆ ಟ್ಯಾಂಕ್ ಹತ್ರ. ಯಾಕೆ, ಇವ್ಳು ಹೇಳ್ಲಿಲ್ವಾ?"

ನಾನು ನೆಲ ನೋಡುತ್ತಿದ್ದೆ.

"ಹೇಳಿದ್ಲಮ್ಮಾ. ನಾನೇ ಗಮನ ಕೊಡ್ಲಿಲ್ಲ. ತಪ್ಪು ನಂದು" ಎಂದರು ಚಾಚಾ.

ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಲ್ಲುತ್ತಿದ್ದರು. "ಮೂರು ಮೋಲ್ಡಿಂಗ್ ಛಾವಣಿ ದಾಟಿ ಯಾವ ರೂಟರೂ ಬರಲ್ಲ ಬೇಟಾ. ರೂಟರೇ ಮೇಲೆ ಬರ್ಬೇಕು" ಎನ್ನುತ್ತಾ ಕೆಳಗಿನಿಂದ ತಾರಸಿಯವರೆಗೆ ವೈರು ಎಳೆದರು. ಶೆಡ್ಡಿನ ಗೋಡೆಗೆ, ಶೀಟಿನಿಂದ ಒಂದು ಮೊಳ ಕೆಳಗೆ, ಮೊಳೆ ಹೊಡೆದು ರೂಟರು ಕೂರಿಸಿದರು. ನನ್ನ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿದವು. ಬರೆದುಕೊಟ್ಟ ಹಾಳೆಯ ಮಾತನ್ನು ಅವರು ಎತ್ತಲೇ ಇಲ್ಲ.

ಉಳಿದ ನಾಲ್ಕು ಪರೀಕ್ಷೆ ಬರೆದೆ. ತಪ್ಪಿದ್ದನ್ನು ಆಮೇಲೆ ಬರೆದು ಪಾಸಾದೆ. ನಮ್ಮ ಮನೆಯ ಮೊದಲ ಪದವೀಧರೆ ನಾನು. ಈ ಮಾತು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ. ಮೈಸೂರುಪಾಕು ತೆಗೆದುಕೊಂಡು ಅಂಗಡಿಗೆ ಹೋದೆ. "ನಮ್ಮ ಗ್ರಾಜುಯೇಟ್ ಬಂದ್ಲು!" ಎಂದು ಚಾಚಾ ಗಿರಾಕಿಗಳಿಗೆಲ್ಲ ಹಂಚಿದರು. ತಪ್ಪು ನನ್ನದೆಂದು ಅವತ್ತು ಆ ಜನರ ಮುಂದೆ ಹೇಳಬೇಕಿತ್ತು. ಇನ್ನೊಂದು ದಿನ ಹೇಳಿದರಾಯಿತೆಂದು ಬಂದುಬಿಟ್ಟೆ. ಜೀವನ್ ಬಿಮಾ ನಗರದಲ್ಲಿ ಕೆಲಸ ಸಿಕ್ಕಿತು. ಆ ಇನ್ನೊಂದು ದಿನ ಬರಲಿಲ್ಲ.

ಮೊನ್ನೆ ಆ ಗಲ್ಲಿಗೆ ಹೋದಾಗ ಷಟರ್ ಮುಚ್ಚಿತ್ತು. ಹೃದಯಾಘಾತವಾಗಿ ಚಾಚಾ ತೀರಿಕೊಂಡು ತಿಂಗಳಾಯಿತೆಂದು ಪಕ್ಕದ ಟೀ ಅಂಗಡಿಯವರು ಹೇಳಿ, ಫ್ರೇಜರ್ ಟೌನಿನ ಮನೆಯ ದಾರಿ ತೋರಿಸಿದರು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿದರು. ಯಾರೆಂದು ಹೇಳಿ, ಅಳುತ್ತಲೇ ಎಲ್ಲವನ್ನೂ ಒಪ್ಪಿಕೊಂಡೆ.

"ಇಲ್ಲದ ರೂಮು ಬರೆದಿದ್ದು ನಾನು ಚಾಚಿ. ಅಂಗಡೀಲಿ ಅವ್ರನ್ನ ಬೈದಿದ್ದೂ ನಾನೇ."

"ಗೊತ್ತಮ್ಮಾ. ಅವತ್ತೇ ಹೇಳಿದ್ರು. ಮಗೂದು ತಪ್ಪಲ್ಲ, ನಾನು ಅಷ್ಟು ಜನದ ಮುಂದೆ ಮನೆ ಬರಿ ಅಂತ ಕೂರಿಸಿದ್ನಲ್ಲಾ, ಅದೇ ತಪ್ಪು ಅಂದ್ರು. ಆಮೇಲೆ ಯಾರಿಗೂ ಬರೀರಿ ಅನ್ಲಿಲ್ಲ. ತಾವೇ ಮನೆ ಮನೆಗೆ ಹೋಗಿ ನೋಡ್ಕೊಂಡು ಬರ್ತಿದ್ರು. ಮೆಟ್ಲು ಹತ್ಬೇಡಿ ಅಂತ ಡಾಕ್ಟರ್ ಹೇಳಿದ್ರೂ ಎಲ್ಲಿ ಕೇಳಿದ್ರು?"

ಮತ್ತೆ ಅವರೇ ಕೇಳಿದರು, "ನಿಮ್ದು ತುಂಬಾ ಮೇಲಾ?"

"ತಾರಸಿ ಚಾಚಿ. ಮೂರು ಮಹಡಿ."

"ಹೂಂ," ಎಂದರು ಚಾಚಿ. "ಅವತ್ತು ಬಂದು ಕಾಲಿಗೆ ಬಿಸಿನೀರು ಕೇಳಿದ್ರು."