ಮೂಸಕಾಕನ ಮೊದಲ ಮುದ್ರಣ

ಮೂಸಕಾಕ ಯಾವ ಕಾದಂಬರಿಯ ಹೆಸರನ್ನೂ ನೋಡುತ್ತಲೇ ಇರಲಿಲ್ಲ. ಕೈಗೆ ಕೊಟ್ಟರೆ ಹೆಸರಿನ ಪುಟವನ್ನು ಮಗುಚಿ, ಯಾವ ಮುದ್ರಣ, ಎಷ್ಟು ಪ್ರತಿ ಎಂದು ಮೂಗಿನ ಹತ್ತಿರ ತಂದು ಓದುತ್ತಿದ್ದರು. ಆಮೇಲೆ ಹೊದಿಕೆಯ ಒಳಮಡಿಕೆಯಲ್ಲಿ ಬೆಲೆ. ದರ್ಬೆಯ ಅವರ ಹಳೆ ಪುಸ್ತಕದಂಗಡಿಯಲ್ಲಿ ಆ ಒಂದು ನಿಮಿಷ ಪುಸ್ತಕ ತಂದ ನಾವು ಕಾದು ನಿಲ್ಲಬೇಕು. ಶಾಲೆಯಲ್ಲಿ ಮಕ್ಕಳನ್ನು ನಡುಗಿಸುವ ಟೀಚರಾದ ನಾನೂ ಅಲ್ಲಿ ಕೈಕಟ್ಟಿ ನಿಲ್ಲುತ್ತಿದ್ದೆ.

ಬೆಳ್ಳಾರೆಯ ಲೆಕ್ಚರರೊಬ್ಬರು ಒಮ್ಮೆ ಮುನ್ನುಡಿಯ ತಾರೀಕು ತೋರಿಸಿ, ಇದು ಮೊದಲ ಮುದ್ರಣವೇ ಎಂದು ವಾದಕ್ಕೆ ನಿಂತರು.

"ಮುನ್ನುಡಿ ನೋಡಿ ಹಾರ್ಬೇಡಿ ಮಾರಾಯ್ರೆ. ಐದನೇ ಸಲ ಪ್ರಿಂಟ್ ಮಾಡುವಾಗಲೂ ಅದನ್ನೇ ಹಾಕುದು. ತಾರೀಕು ಬದಲು ಮಾಡ್ಲಿಕ್ಕೆ ಯಾರಿಗೆ ಪುರುಸೊತ್ತು ಉಂಟು?" ಎಂದರು ಕಾಕ.

ಅವರು ಮಾರದೆ ಇಟ್ಟುಕೊಂಡಿದ್ದ ಮೊದಲ ಮುದ್ರಣ ಒಂದೇ ಒಂದು. ಅದರ ಹೆಸರು ಇಲ್ಲಿ ಬರೆಯಲು ನನಗೆ ಮುಖವಿಲ್ಲ. ವರ್ಷಗಟ್ಟಲೆ ಕಾಡಿದ ಮೇಲೆ ಓದಲು ಕೊಟ್ಟರು. ಹೊದಿಕೆ ಹರಿದಿತ್ತು, ಮೊದಲ ಹಾಳೆಗಳು ಬಿಚ್ಚಿಕೊಂಡಿದ್ದವು. ಹರಿದ ಪುಸ್ತಕ ಕಂಡರೆ ಬೈಂಡಿಗೆ ಕೊಡುವುದು ನಮ್ಮ ಟೀಚರುಗಳ ರೋಗ. ಕಾಕನಿಗೆ ಖುಷಿಯಾಗಲಿ ಎಂದು ಶಾಲೆಯ ಲೈಬ್ರರಿ ಪುಸ್ತಕಗಳ ಜೊತೆ ಸುಳ್ಯದ ಬೈಂಡರಿಗೆ ಕಳಿಸಿಬಿಟ್ಟೆ. ಕೆಂಪು ರೆಕ್ಸಿನ್ ಹೊದ್ದು, ಅಂಚು ಕತ್ತರಿಸಿಕೊಂಡು ಮದುಮಗಳ ಹಾಗೆ ಬಂತು. ತೆರೆದು ನೋಡಿದೆ. ಹಳೆಯ ಹೊದಿಕೆ ಇಲ್ಲ, ಮುದ್ರಣದ ವಿವರವಿದ್ದ ಹಾಳೆಯೂ ಇಲ್ಲ!

"ಅದು ಹುಳ ತಿಂದದ್ದು ಟೀಚರೇ, ಬಿಸಾಡಿದೆ" ಎಂದರು ಬೈಂಡರು ಫೋನಿನಲ್ಲಿ.

ಅಯ್ಯೋ ದೇವರೇ! ಹದಿನೈದು ದಿನ ನಾನು ದರ್ಬೆಯಲ್ಲಿ ಬಸ್ ಇಳಿಯಲಿಲ್ಲ. ಫೋನ್ ಸದ್ದಾದರೆ ಎತ್ತಲಿಲ್ಲ. ಕೊನೆಗೆ ಹೋದೆ. ಕಾಕ ಎಂದಿನಂತೆ ಹಾಳೆ ಮಗುಚಿದರು. ಅಲ್ಲಿ ಬೈಂಡರು ಅಂಟಿಸಿದ ಖಾಲಿ ಬಿಳಿ ಕಾಗದ. ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ.

"ಎಂತ ಮಾಡಿದ್ರಿ ಟೀಚರೇ... ಇದು ಮೊದಲನೇದು ಅಂತ ಇನ್ನು ಯಾರು ನಂಬುದು?"

ಅತ್ತುಬಿಟ್ಟೆ. ಅವರು ಪುಸ್ತಕವನ್ನು ನನ್ನ ಚೀಲಕ್ಕೇ ವಾಪಸು ಹಾಕಿದರು.

"ಅಳ್ಬೇಡಿ. ನೀವೇ ಇಟ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ಮೂಸ ನೋಡಿದ್ದಾನೆ ಅಂತ ಹೇಳಿ. ನಾನಿದ್ದೇನಲ್ಲ."

ಅದೇ ಕೊನೆಯ ಭೇಟಿ. ಮುಂದಿನ ತಿಂಗಳು ಹೃದಯಾಘಾತದಲ್ಲಿ ಹೋಗಿಬಿಟ್ಟರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಕಳೆದ ವಾರ ಹಳೆಯ ಕಾದಂಬರಿ ಸಂಗ್ರಹಿಸುವ ಹುಡುಗಿಯೊಬ್ಬಳು ಪಂಜದಿಂದ ಮನೆಗೆ ಬಂದಿದ್ದಳು. ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಮೊದಲ ಮುದ್ರಣ ಅಂತ ಹೇಗೆ ಗೊತ್ತಾಗುದು ಟೀಚರ್?" ಎಂದಳು.

"ಮೂಸಕಾಕ ನೋಡಿದ್ದಾರೆ" ಎಂದೆ.

ಅವಳು ಮರ್ಯಾದೆಯಿಂದಲೇ ಕೇಳಿದಳು: "ಅದು ಯಾರು?"