ಎಡಬದಿಯಲ್ಲಿ ಕುಳಿತವನು

ನಮ್ಮ ಮನೆಯಲ್ಲಿ ನನ್ನ ಎಡಗೈ ಬದಿಗೆ ಇಟ್ಟ ಲೋಟಗಳು ಬೀಳತೊಡಗಿ ಎರಡು ವರ್ಷವಾಯಿತು. ಮೊದಮೊದಲು ನಾನು ಲೋಟವನ್ನೇ ಬೈದೆ. ಆಮೇಲೆ ಅಡುಗೆಕಟ್ಟೆ ಇಕ್ಕಟ್ಟಾಯಿತೆಂದು ದೂರಿದೆ; ಮುಂಬಯಿಯ ಮುಲುಂಡಿನ ಫ್ಲ್ಯಾಟಿನಲ್ಲಿ ಇಕ್ಕಟ್ಟನ್ನು ದೂರಿದರೆ ಯಾರೂ ಅನುಮಾನಪಡುವುದಿಲ್ಲ. ಕಡೆಗೊಂದು ದಿನ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರರ ಬಳಿಗೆ ಹೋದೆ. ಗಲ್ಲವನ್ನು ಯಂತ್ರದ ಮೇಲೆ ಊರಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಒಂದು ಗುಂಡಿ ಒತ್ತಬೇಕಿತ್ತು. ಒತ್ತಿದೆ, ಕಾದೆ, ಮತ್ತೆ ಕಾದೆ. ಚುಕ್ಕೆಗಳು ನಿಂತುಹೋಗಿವೆ, ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ನಿಂತಿರಲಿಲ್ಲವಂತೆ, ನಾನು ಸುಮ್ಮನೆ ಕುಳಿತಿದ್ದ ಅಷ್ಟು ಹೊತ್ತೂ ಅವು ಮೂಡುತ್ತಲೇ ಇದ್ದವಂತೆ. ಕಣ್ಣೊಳಗಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಬಲಕ್ಕಿಂತ ಎಡಕ್ಕೆ ಹೆಚ್ಚು, ಎದುರಿನ ನೋಟ ಇನ್ನೂ ಕೆಲವು ವರ್ಷ ಉಳಿಯಬಹುದು ಎಂದರು ಡಾಕ್ಟರು. ಮನೆಗೆ ಬಂದು ಗಂಡನಿಗೆ, ಚಷ್ಮಾದ ನಂಬರು ಬದಲಾಗಿದೆ ಎಂದೆ.

ಯಾಕೆ ಮುಚ್ಚಿಟ್ಟೆ ಎಂದು ನೀವು ಕೇಳಬಹುದು. ನನ್ನ ಉದ್ಯೋಗ ಎಂಥದೆಂದು ತಿಳಿದರೆ ಬಹುಶಃ ಕೇಳಲಾರಿರಿ. ದೇಶದ ಅಂಕಿಸಂಖ್ಯೆಗಳು ಎಂದು ಪತ್ರಿಕೆಯಲ್ಲಿ ನೀವು ಓದುವ ಸಂಗತಿಗಳು ಆಕಾಶದಿಂದ ಇಳಿಯುವುದಿಲ್ಲ. ನನ್ನಂಥ ಗುತ್ತಿಗೆಯ ನೌಕರರು ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್ ಹಿಡಿದು, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ ಕೇಳಿದ್ದರ ಮೊತ್ತ ಅವು. ಆ ವರ್ಷದ ಸಮೀಕ್ಷೆ ಅಂಗವಿಕಲರ ಬದುಕನ್ನು ಕುರಿತದ್ದು. ಇವರು ಯಾರೊಂದಿಗೆ ಇದ್ದಾರೆ, ನೋಡಿಕೊಳ್ಳುವವರು ಯಾರು, ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು, ಪ್ರಮಾಣಪತ್ರ ಇದೆಯೇ, ಹೀಗೆ ಪ್ರಶ್ನೆಗಳು ಸಾಲುಗಟ್ಟಿದ್ದವು. ಆದರೆ ಅವೆಲ್ಲಕ್ಕೂ ಬೀಗದಂತೆ ಒಂದು ಪ್ರಶ್ನೆ ಮೊದಲಿಗೇ ಇತ್ತು: ‘ನಿಮ್ಮ ಮನೆಯಲ್ಲಿ ನೋಡಲು, ಕೇಳಲು, ನಡೆಯಲು, ಮಾತಾಡಲು, ಅರಿತುಕೊಳ್ಳಲು ಕಷ್ಟಪಡುವವರು ಯಾರಾದರೂ ಇದ್ದಾರೆಯೇ?’ ‘ಇಲ್ಲ’ ಎಂದು ಒತ್ತಿದರೆ ಮುಂದಿನ ಪುಟಗಳು ತೆರೆಯುತ್ತಲೇ ಇರಲಿಲ್ಲ. ದಿನಕ್ಕೆ ಹತ್ತಾರು ಸಲ ಈ ಪ್ರಶ್ನೆ ಕೇಳುವ ನನಗೆ, ಯಾರಾದರೂ ಅದನ್ನೇ ನನಗೆ ತಿರುಗಿಸಿ ಕೇಳಿಬಿಟ್ಟರೆ ಎಂಬ ಅಂಜಿಕೆ ಪ್ರತಿ ಬಾಗಿಲಲ್ಲೂ ಕಾದು ನಿಂತಿರುತ್ತಿತ್ತು.

ಅಂಜಿಕೆಗೆ ಬೇರೆ ಠಾವುಗಳೂ ಇದ್ದವು. ಲೋಕಲ್ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಣ ಸಂದು ನನಗೆ ಈಗ ಸಂದಲ್ಲ, ಕಪ್ಪು ನೀರಿನ ಕಾಲುವೆ. ಎಡಗಡೆಯಿಂದ ಬರುವ ಮನುಷ್ಯರು ಬರುವುದಿಲ್ಲ, ಇದ್ದಕ್ಕಿದ್ದಂತೆ ಮೂಡಿಬಿಡುತ್ತಾರೆ. ಭುಜಕ್ಕೆ ಬಡಿದ ಮೇಲಷ್ಟೇ ನನ್ನ ಪಾಲಿಗೆ ಅವರು ಹುಟ್ಟುತ್ತಾರೆ.

ವಿಕ್ರೋಳಿಯ ಒಂದು ಚಾಳಿಗೆ, ಒಂದೊಂದೇ ಕೋಣೆಯ ಮನೆಗಳ ಹಳೆಯ ವಠಾರಕ್ಕೆ, ಹೋದದ್ದು ಒಂದು ಮಧ್ಯಾಹ್ನ. ಎರಡನೆಯ ಮಾಳಿಗೆಯ ಕೊನೆಯ ಖೋಲಿ. ಬಾಗಿಲು ತೆರೆದ ಹೆಂಗಸಿಗೆ ಐವತ್ತು ದಾಟಿರಬಹುದು. ಹೆಸರು ಕಾಶೀಬಾಯಿ, ವಿಜಯಪುರದ ಕಡೆಯವರು, ಗಂಡ ತೀರಿಹೋಗಿ ಬಹಳ ವರ್ಷವಾಗಿದೆ, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಾರೆ. ನನ್ನ ಧಾರವಾಡದ ಮಾತು ಕಿವಿಗೆ ಬಿದ್ದದ್ದೇ ಮುಖ ಅರಳಿತು. ‘ನಮ್ಮ ಕಡಿಯವರು! ಒಳಗ ಬರ್ರಿ ಬಾಯಾರ, ಕುಂದರ್ರಿ’ ಎಂದು ಕುರ್ಚಿ ಎಳೆದು, ನೀರು ಕೊಟ್ಟರು. ಹೊರಗಿನ ಬಿಸಿಲಿನಿಂದ ಒಳಗೆ ಬಂದ ನನಗೆ ಎದುರಿಗಿದ್ದ ಅವರ ಮುಖ, ಹಿಂದಿನ ಗೋಡೆಯ ದೇವರ ಪಟ, ಇಷ್ಟೇ ಕಂಡದ್ದು. ಪ್ರಶ್ನೆ ಕೇಳಿದೆ. ಅವರ ಕೈ ಸೆರಗಿನ ತುದಿಯನ್ನು ಸುತ್ತತೊಡಗಿತು.

‘ಇಲ್ರಿ. ಅಂಥಾವ್ರು ಯಾರೂ ಇಲ್ರಿ.’

ನಾನು ‘ಇಲ್ಲ’ ಒತ್ತಿದೆ. ಏಳುವಾಗ ನನ್ನ ಹೆಗಲಿನ ಚೀಲ ಎಡಕ್ಕೆ ತೂಗಿ ಏನಕ್ಕೋ ಬಡಿಯಿತು. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಸುತ್ತಿಟ್ಟ ಹಾಸಿಗೆಯಿರಬೇಕು ಎಂದುಕೊಂಡು, ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿದೆ.

ನಾವು ಬರೆದು ತಂದ ಮನೆಗಳಲ್ಲಿ ಕೆಲವನ್ನು ಆಯ್ದು ಮೇಲ್ವಿಚಾರಕರು ಮತ್ತೆ ಹೋಗಿ ಪರೀಕ್ಷಿಸುವ ಪದ್ಧತಿ. ನಮ್ಮ ಮೇಲ್ವಿಚಾರಕರು ಶ್ರೀನಿವಾಸಮೂರ್ತಿ, ಮೈಸೂರಿನವರು, ಗಟ್ಟಿಯಾಗಿ ಮಾತಾಡಿದವರೇ ಅಲ್ಲ. ನಾಲ್ಕು ದಿನ ಬಿಟ್ಟು ಅವರ ಫೋನು ಬಂತು.

‘ಸುಮಂಗಲಾ ಮೇಡಂ, ವಿಕ್ರೋಳಿ ಚಾಳಿನ ಆ ಕೊನೇ ಮನೇಲಿ ಒಬ್ಬ ಇದಾನಲ್ಲ, ಎರಡೂ ಕಾಲಿಗೆ ಶಕ್ತಿ ಇಲ್ಲ. ಬಾಗಿಲಿನ ಪಕ್ಕದಲ್ಲೇ ಕೂತಿರ್ತಾನೆ. ನಾನು ಕಾಲಿಡೋಕೆ ಮುಂಚೇನೇ ಕಾಣಿಸಿದ. ನೀವು ಒಳಗೆ ಹೋಗಿದ್ರಾ, ಇಲ್ಲ ಬಾಗಿಲಲ್ಲೇ ನಿಂತು ಬರ್ಕೊಂಡು ಬಂದ್ರಾ?’

ಚೀಲ ಬಡಿದದ್ದು ಹಾಸಿಗೆಗಲ್ಲ, ಮನುಷ್ಯನ ತಲೆಗೆ. ನನ್ನ ಎದುರು ಎರಡು ಉತ್ತರಗಳಿದ್ದವು: ಕೆಲಸಗಳ್ಳಿ ಎನಿಸಿಕೊಳ್ಳುವುದು, ಇಲ್ಲವೇ ಕಣ್ಣು ಕಾಣದವಳು ಎನಿಸಿಕೊಳ್ಳುವುದು. ಹದಿಮೂರು ವರ್ಷ ಪ್ರಾಮಾಣಿಕಳೆಂಬ ಹೆಸರಿಟ್ಟುಕೊಂಡು ದುಡಿದವಳು, ಅರೆಕ್ಷಣವೂ ತಡೆಯದೆ ಹೇಳಿದೆ:

‘ಬಾಗಿಲಲ್ಲೇ ಕೇಳಿದೆ, ಸರ್. ತಪ್ಪಾಯಿತು.’

‘ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ’ ಎಂದಷ್ಟೇ ಅಂದು, ಮತ್ತೆ ಹೋಗಿ ಸರಿಪಡಿಸಿ ಬರಲು ಹೇಳಿದರು.

ಮರುದಿನ ವಿಕ್ರೋಳಿಯವರೆಗಿನ ನಾಲ್ಕೇ ನಾಲ್ಕು ಸ್ಟೇಷನ್ನುಗಳ ದಾರಿಯಲ್ಲಿ ನನ್ನನ್ನು ಹಿಡಿದದ್ದು ಅವನೊಬ್ಬನ ನೆನಪಲ್ಲ. ಆ ವರ್ಷ ನಾನು ಒತ್ತಿದ ‘ಇಲ್ಲ’ಗಳೆಲ್ಲ ಸಾಲಾಗಿ ನಿಂತವು. ಎಷ್ಟು ಮನೆಗಳಲ್ಲಿ ನನ್ನ ಎಡಬದಿಗೆ ಯಾರೋ ಕುಳಿತು, ಉಸಿರು ಬಿಗಿಹಿಡಿದು, ನಾನು ಏಳುವುದನ್ನೇ ಕಾದಿದ್ದರೋ! ದೂರದ ಊರಿನ ಕಚೇರಿಯಲ್ಲಿ ಯಾರೋ ಆ ಮೊತ್ತವನ್ನು ನಂಬಿ, ಇಷ್ಟು ಗಾಲಿಕುರ್ಚಿ ಸಾಕು, ಇಷ್ಟು ಇಳಿಜಾರು ದಾರಿ ಸಾಕು ಎಂದು ತೀರ್ಮಾನಿಸುತ್ತಾರೆ. ಎಣಿಕೆಯಲ್ಲಿ ಬಿಟ್ಟುಹೋದವನು ಬಂದು ದೂರುವುದಿಲ್ಲ. ಬಿಟ್ಟುಹೋದದ್ದು ಅವನಿಗೂ ತಿಳಿದಿರುವುದಿಲ್ಲ.

ಇವನಿಗೆ ಮಾತ್ರ ತಿಳಿದಿತ್ತು.

ಬಾಗಿಲಲ್ಲಿ ನಿಂತು ಈ ಸಲ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಚಾಪೆಯ ಮೇಲೆ ಇಪ್ಪತ್ತೆಂಟು ಮೂವತ್ತರ ಯುವಕ, ಅಗಲವಾದ ಹೆಗಲು, ಅಂಗಿಯ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡು, ಕೆಟ್ಟ ಮಿಕ್ಸರೊಂದನ್ನು ಬಿಚ್ಚಿ ರಿಪೇರಿ ಮಾಡುತ್ತ ಕುಳಿತಿದ್ದ. ಹೆಸರು ಈರಣ್ಣ, ಕಾಶೀಬಾಯಿಯ ಮಗ. ನಾನು ಬಾಯಿ ತೆರೆಯುವ ಮೊದಲೇ ತಾಯಿ ಅಡ್ಡ ಬಂದರು.

‘ಬರೀಬ್ಯಾಡ್ರಿ ಬಾಯಾರ, ಕೈ ಮುಗೀತೀನಿ. ಇವ ಸಣ್ಣಾವ ಇದ್ದಾಗ ಹಿಂಗ ಒಬ್ಬರು ಬಂದು ಹೆಸರು ಬರಕೊಂಡ್ರು. ಸಾಲಿ ಕಲಸ್ತೀವಿ ಅಂತ ಹೇಳಿ ಒಂದು ಹಾಸ್ಟೆಲ್ಲಿಗೆ ಒಯ್ದ್ರು. ಮೂರು ತಿಂಗಳ ಮ್ಯಾಲೆ ನೋಡಾಕ ಹೋದ್ರ ಬೆನ್ನ ತುಂಬಾ ಹುಣ್ಣು. ಹೊತಗೊಂಡು ಓಡಿ ಬಂದೆ. ಅವತ್ತಿನಿಂದ ಪೆನ್ನು ಹಿಡದಾವ್ರು ಬಂದ್ರ ನನ್ನ ಕೈಕಾಲ ನಡಗತಾವ.’

ಈರಣ್ಣ ಸ್ಕ್ರೂಡ್ರೈವರನ್ನು ಮೆಲ್ಲಗೆ ನೆಲಕ್ಕಿಟ್ಟ.

‘ಅವ್ವಾ, ನೀ ಸುಮ್ನಿರು. ಅಕ್ಕಾರ, ಒಂದು ಕೇಳ್ತೀನಿ. ಅವತ್ತ ನಿಮ್ಮ ಚೀಲ ನನ್ನ ತಲೀಗೆ ಬಡೀತು. ನೀವು ತಿರುಗಿ ಸೈತ ನೋಡಲಿಲ್ಲ. ನಿನ್ನೆ ಸಾಹೇಬ್ರು ಇಲ್ಲೇ ಹೊರಗ ನಿಂತು ನಿಮಗ ಫೋನ್ ಹಚ್ಚಿದಾಗ ಬಾಗಲಾಗ ನಿಂತು ಕೇಳಿದ್ದೆ ಅಂದ್ರಂತ. ಯಾಕ? ನಾ ಒಬ್ಬ ಮನಿಷ್ಯಾ ಅನಸಲೇ ಇಲ್ಲೇನು ನಿಮಗ?’

ಕೋಪವಿದ್ದಿದ್ದರೆ ಎದುರಿಸಬಹುದಿತ್ತು. ಅದು ನಿಜವಾಗಿಯೂ ಉತ್ತರ ಬೇಕಾದವನ ಪ್ರಶ್ನೆ; ಅಷ್ಟೂ ದಿನ ಅದನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದನೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರರ ಕೋಣೆಯಿಂದ ಹೊರಬಿದ್ದ ದಿನದಿಂದ ಅದುಮಿಟ್ಟದ್ದು, ಎಲ್ಲರನ್ನೂ ಬಿಟ್ಟು, ಹೆಚ್ಚುಕಡಿಮೆ ಅಪರಿಚಿತನಾದ ಅವನ ಮುಂದೆ ಹೊರಬಂತು.

‘ತಮ್ಮಾ, ನನಗ ಬಾಜೂಕ ಕಾಣೂದಿಲ್ಲಪಾ. ಎದುರಿಗೆ ಇದ್ದದ್ದು ಇಷ್ಟ ಕಾಣತದ. ನೀ ಅಲ್ಲಿ ಇದ್ದದ್ದು ನನಗ ಕಾಣಲೇ ಇಲ್ಲ.’

ಅವನು ನಂಬಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿ, ದೇವರ ಪಟವನ್ನೇ ನೋಡುವಂತೆ ಹೇಳಿ, ಬದಿಯಲ್ಲಿ ಕೈ ಎತ್ತಿದನಂತೆ.

‘ಈಗ ಕಾಣ್ತೈತೇನ್ರಿ?’

‘ಇಲ್ಲ.’

‘ಈಗ?’

‘ಇಲ್ಲ.’

‘ಈಗರೆ?’

ಕೈ ನನ್ನ ಮೂಗಿನ ಸಮೀಪಕ್ಕೆ ಬಂದಾಗ ‘ಹೂಂ’ ಎಂದೆ. ಗ್ರೀಸು ಮೆತ್ತಿದ ಐದು ಬೆರಳುಗಳು. ಕಾಶೀಬಾಯಿ ‘ಶಿವನೇ’ ಎಂದು ನೆಲಕ್ಕೆ ಕುಳಿತರು.

ಈರಣ್ಣ ಕೈ ಇಳಿಸಿದ. ‘ಹಂಗಿದ್ರ ನೀವು ರೈಲಾಗ ಹೆಂಗ ಅಡ್ಡಾಡ್ತೀರಿ?’ ಎಂದು ಕೇಳಿದ.

‘ಅಂಜಿಕೋತ’ ಎಂದೆ.

ಅವನು ನಗಲಿಲ್ಲ, ತಲೆಯಾಡಿಸಿದ. ಹೆಸರು ಹೊರಗೆ ಹೋಗುವುದಿಲ್ಲ, ಯಾರೂ ಕರೆದೊಯ್ಯಲು ಬರುವುದಿಲ್ಲ, ನಮ್ಮ ನಿಯಮ ಹಾಗಿದೆ ಎಂದು ತಾಯಿಗೆ ತಿಳಿಸಿದೆ. ಬರೆಸಿದರೆ ಏನಾದರೂ ಸಿಗುತ್ತದೆಯೇ ಎಂದು ಅವರು ಕೇಳಿದಾಗ, ನನಗೆ ಗೊತ್ತಿಲ್ಲ ಎಂಬ ಸತ್ಯವನ್ನೂ ಹೇಳಿದೆ. ಅವರು ಮಗನತ್ತ ನೋಡಿದರು. ‘ಬರೀರಿ’ ಎಂದ ಅವನು. ಅಂದು ಮುಂದಿನ ಪುಟಗಳು ತೆರೆದವು. ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು ಎಂಬ ಪ್ರಶ್ನೆಗೆ ಅವನು ಬೆರಳು ಮಡಚುತ್ತ ಹೋಗಿ, ಸೋತು, ತಾಯಿಯನ್ನು ಕೇಳಿದ. ಮಾಳಿಗೆಯಿಂದ ಅವನನ್ನು ಹೊತ್ತು ಇಳಿಸುತ್ತಿದ್ದ ನೆರೆಯವರು ಖೋಲಿ ಬಿಟ್ಟುಹೋದಂದಿನಿಂದ ಎಂದರು ಕಾಶೀಬಾಯಿ. ಅದು ಎಂದು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಹಿಂದಿನ ವರ್ಷದ ಗಣಪತಿ ಹಬ್ಬಕ್ಕಿಂತ ಮೊದಲು ಎಂಬುದಷ್ಟೇ ನಿಶ್ಚಯ. ಮೆಟ್ಟಿಲುಗಳನ್ನು ಲೆಕ್ಕವಿಲ್ಲದೆ ಹತ್ತಿ ಬಂದಿದ್ದ ನನಗೆ ಕಿಟಕಿಯಾಚೆಗಿನ ಬೀದಿ ಆ ಗಳಿಗೆಯಲ್ಲಿ ಪರದೇಶದಂತೆ ಕಂಡಿತು. ಮುಂದೆ ನನಗೂ ಒಂದು ಖೋಲಿ ಹೀಗೆಯೇ ಇಡೀ ಊರಾಗಿಬಿಡಬಹುದು ಎಂಬ ಭಯದಲ್ಲಿ ಬರೆದ ಅಕ್ಷರಗಳು ತಪ್ಪಿದವು; ಅಳಿಸಿ ಮತ್ತೆ ಬರೆದೆ.

ಇಳಿಯುವಾಗ ಕಾಶೀಬಾಯಿ ನನ್ನ ಎಡ ಮೊಳಕೈ ಹಿಡಿದು, ‘ಇಲ್ಲೊಂದು ಮೆಟ್ಟಲು ಮುರದೈತಿ’ ಎನ್ನುತ್ತ ಬೀದಿಯವರೆಗೆ ಬಿಟ್ಟುಹೋದರು.

ಶ್ರೀನಿವಾಸಮೂರ್ತಿಯವರಿಗೆ ಮರುದಿನವೇ ನಿಜ ಹೇಳಿದೆ. ನಾನು ಹೋದ ಮನೆಗಳಿಗೆಲ್ಲ ಬೇರೆಯವರನ್ನು ಮತ್ತೆ ಕಳಿಸಬೇಕೆಂದೂ ಕೇಳಿಕೊಂಡೆ. ಅವರು ‘ಮೊದ್ಲೇ ಹೇಳ್ಬಾರ್ದಿತ್ತೇ ಸುಮಂಗಲಾ’ ಎಂದರು. ಮೊದಲ ಬಾರಿಗೆ ಮೇಡಂ ಎನ್ನಲಿಲ್ಲ. ಮನೆಗಳಿಗೆ ಬೇರೆಯವರು ಹೋದರು. ನನ್ನನ್ನು ಕಚೇರಿಯಲ್ಲಿ ಕುಳಿತು ಪರಿಶೀಲಿಸುವ ಕೆಲಸಕ್ಕೆ ಹಾಕಿದರು; ಗುತ್ತಿಗೆ ಮುಗಿದ ಮೇಲೆ ಮತ್ತೆ ಕರೆಯಲಿಲ್ಲ. ಇದನ್ನು ಯಾರ ತಪ್ಪೆಂದೂ ನಾನು ಹೇಳಲಾರೆ. ಗಂಡನಿಗೆ ಹೇಳಿದ ಸಂಜೆ ಅವರು ಮನೆಯ ದೀಪಗಳನ್ನೆಲ್ಲ ಒಂದೊಂದಾಗಿ ಹಾಕುತ್ತ ಹೋದರು.

ಕಳೆದ ವಾರ ನಾವಿಬ್ಬರೂ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲು ಆಸ್ಪತ್ರೆಗೆ ಹೋದೆವು. ಕಿಟಕಿಯ ಮುಂದೆ ಉದ್ದನೆಯ ಸಾಲು. ಊರುಗೋಲುಗಳು, ತಾಯಂದಿರ ಹೆಗಲ ಮೇಲೆ ಬೆಳೆದ ಮಕ್ಕಳು, ಕಪ್ಪು ಕನ್ನಡಕಗಳು. ನನಗೆ ಎಲ್ಲರೂ ಒಟ್ಟಿಗೆ ಕಾಣುವುದಿಲ್ಲ. ತಲೆ ತಿರುಗಿಸಿ ತಿರುಗಿಸಿ ಒಬ್ಬೊಬ್ಬರನ್ನೇ ನೋಡಿದೆ. ನಮ್ಮ ಸರದಿ ಬಂದಾಗ ಗುಮಾಸ್ತೆ ತಲೆಯೆತ್ತದೆ ನನ್ನ ಗಂಡನನ್ನು ಮರಾಠಿಯಲ್ಲಿ ಕೇಳಿದಳು, ‘ಕೋಣಾಸಾಠಿ?’ ಯಾರಿಗಾಗಿ? ಅವರು ನನ್ನತ್ತ ತಿರುಗಿದರು. ಹಿಂದೆ ನಿಂತವರು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಈಗಲೂ ಹಿಂದಿರುಗಬಹುದಿತ್ತು. ಕಿಟಕಿಯ ಕಂಬಿ ಹಿಡಿದುಕೊಂಡೆ.

‘ಮಾಝ್ಯಾಸಾಠಿ’ ಎಂದೆ. ನನಗಾಗಿ.

ಆಕೆ ಬರೆದುಕೊಂಡಳು.