ಹೊಳೆ ದಾಟಿಸಿದ ಪೈಪು

ಇಂಥ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಸೇತುವೆಗಳ ನಕ್ಷೆ ಬಿಡಿಸಿ ಹೊಟ್ಟೆ ಹೊರೆಯುವವನು ನಾನು. ಹೊಳೆಯಲ್ಲಿ ಏನೋ ಐತಿ ಎಂದು ಯಾರಾದರೂ ಶುರು ಮಾಡಿದರೆ, “ಐತ್ರಿ, ನೀರೈತಿ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಜಾರಿಲ್ಲ.

ಮುಧೋಳದ ಹತ್ತಿರ ಘಟಪ್ರಭೆಗೆ ಒಂದು ತಗ್ಗು ಸೇತುವೆ ಇದೆ. ಮಹಾಪೂರ ಬಂದಾಗ ಅದು ಮುಳುಗಬೇಕು, ನೀರು ಮೇಲೆಯೇ ಹರಿದುಹೋಗಬೇಕು, ಕಟ್ಟಿದ್ದೇ ಹಾಗೆ. ಅದಕ್ಕೇ ಆಸರೆಗೆಂದು ಅಂಚಿನುದ್ದಕ್ಕೂ ಕೂಡಿಸಿದ ಕಬ್ಬಿಣದ ಪೈಪುಗಳನ್ನು ಕಿತ್ತು ತೆಗೆಯಲು ಬರುತ್ತದೆ. ತೆಗೆಯದಿದ್ದರೆ ತೇಲಿಬಂದ ಜಾಲಿಕಂಟಿ, ಕಬ್ಬಿನ ರವದಿ ಅವಕ್ಕೆ ಸಿಕ್ಕಿಕೊಂಡು ನೀರು ಇಡೀ ಸೇತುವೆಯನ್ನೇ ದಬ್ಬುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಮುಸ್ಸಂಜೆ. ಹೊಳೆಯ ಈಚೆ ಹೆಂಡತಿಯ ತವರಿನಲ್ಲಿದ್ದೆವು. ನಾಲ್ಕು ವರ್ಷದ ಮಗಳಿಗೆ ಜ್ವರ ಏರಿ ಮೈ ಸೆಟೆದುಕೊಂಡಿತು. ದವಾಖಾನೆ ಆಚೆ ದಂಡೆಗೆ. ಸುತ್ತುಹಾಕಿ ದೊಡ್ಡ ಸೇತುವೆಯಿಂದ ಹೋದರೆ ಅವಳು ಉಳಿಯುವುದಿಲ್ಲ ಅನ್ನಿಸಿತು.

ತಗ್ಗು ಸೇತುವೆಯ ಮೇಲೆ ಆಗಲೇ ರಾಡಿ ನೀರು ಏರಿತ್ತು, ಅಂಚು ಕಾಣುತ್ತಿರಲಿಲ್ಲ. ಹೆಂಡತಿಯನ್ನು ದಂಡೆಯಲ್ಲೇ ನಿಲ್ಲಿಸಿ, ಮಗಳನ್ನು ಬಲ ಹೆಗಲಿಗೆ ಹಾಕಿಕೊಂಡು ಇಳಿದೆ. ಎಡಗೈಗೆ ಪೈಪು ಸಿಕ್ಕಿತು, ತುಕ್ಕು ಹಿಡಿದು ತರಿತರಿಯಾಗಿತ್ತು. ಮಬ್ಬಿನಲ್ಲಿ ಅದರ ಕಡೆ ನೋಡಲಿಲ್ಲ. ನನ್ನ ಕಣ್ಣೆಲ್ಲ ಆಚೆ ದಂಡೆಯ ದೀಪದ ಮೇಲೆ.

ನಡುಹೊಳೆಯಲ್ಲಿ ಪೈಪು ಬಲಕ್ಕೆ ಹೊರಳಿತು. ನಾನು ನಿಂತುಬಿಟ್ಟೆ. ಆ ಸೇತುವೆಯನ್ನು ನಾನೇ ಟೇಪು ಹಿಡಿದು ಅಳೆದಿದ್ದೆ. ಅದು ದಾರ ಹಿಡಿದಷ್ಟು ನೇರ. ಬಲಕ್ಕೆ ಹೋದರೆ ಆ ಅಂಚಿನಿಂದ ಬೀಳುತ್ತೇವೆ ಎಂದು ತಲೆ ಹೇಳಿತು. ಮಗಳ ಮೈ ಮತ್ತೊಮ್ಮೆ ಸೆಟೆಯಿತು. ಏನಾದರಾಗಲಿ ಎಂದು ಪೈಪು ಹೋದ ಕಡೆಗೇ ಹೋದೆ. ಸ್ವಲ್ಪ ದೂರದಲ್ಲಿ ಅದು ಮತ್ತೆ ಎಡಕ್ಕೆ ಬಂತು.

ಆಚೆ ದಂಡೆಯಲ್ಲಿ ಕಾವಲಿಗಿದ್ದವನು ಟಾರ್ಚ್ ಹಿಡಿದು ಓಡಿಬಂದ.

“ಹುಚ್ಚ ಹಿಡದೈತೇನ್ರಿ ನಿಮಗ? ಕೂಸಿನ್ನ ಹೊತಗೊಂಡು ಯಾವ ಧೈರ್ಯದ ಮ್ಯಾಲ ಬಂದ್ರಿ?”

“ಪೈಪ ಹಿಡಕೊಂಡ ಬಂದ್ನಿ.”

“ಎಲ್ಲಿ ಪೈಪರೀ! ಮುಂಜಾನೇನ ಕಿತ್ತೇವಿ.”

ಟಾರ್ಚ್ ತಿರುಗಿಸಿ ತೋರಿಸಿದ. ಪೈಪುಗಳನ್ನೆಲ್ಲ ಬೇವಿನ ಗಿಡದ ಬುಡಕ್ಕೆ ಪೇರಿಸಿಟ್ಟಿದ್ದರು.

ಮಗಳು ಉಳಿದಳು. ನೀರು ಇಳಿದ ಮೇಲೆ ಹೋಗಿ ನೋಡಿದೆ. ಸೇತುವೆಯ ನಡುವೆ, ಎಡಗಡೆಯ ಕಾಂಕ್ರೀಟು ಅರ್ಧ ರಸ್ತೆಯವರೆಗೆ ಕುಸಿದುಹೋಗಿತ್ತು. ನಾನು ದಾಟುವ ಮೊದಲೇ ಕುಸಿದಿತ್ತೋ, ಆಮೇಲೆ ಕುಸಿಯಿತೋ, ಇಷ್ಟು ವರ್ಷ ಇದೇ ಕಸುಬು ಮಾಡಿದ ನನಗೂ ಹೇಳಲಾಗಲಿಲ್ಲ.

ಹೆಂಡತಿಗೆ ಹೇಳಿದಾಗ ಅವಳು ಮಲಗಿದ್ದ ಮಗಳ ಹೊದಿಕೆ ಸರಿಮಾಡಿದಳು. ಆಮೇಲೆ, “ಅದು ಏನರ ಇರ್ಲಿರಿ. ನೀವು ಕೈ ಬಿಡ್ಲಿಲ್ಲಲಾ, ಅಷ್ಟ ಸಾಕು” ಎಂದಳು.

ಅವಳಿಗೆ ನಾನು ಪೂರ್ತಿ ಹೇಳಿಲ್ಲ. ನಡುಹೊಳೆಯಲ್ಲಿ, ಪೈಪು ಬಲಕ್ಕೆ ಹೊರಳುವ ಸ್ವಲ್ಪ ಮೊದಲು, ಮಗಳು ಹೆಗಲಿನಿಂದ ಜಾರಿದಾಗ, ಎರಡೂ ಕೈಯಿಂದ ಎತ್ತಿಕೊಳ್ಳಲು ಪೈಪು ಬಿಟ್ಟಿದ್ದೆ. ಮತ್ತೆ ಹಿಡಿಯಲು ಕೈ ಚಾಚಿದ್ದು ನನಗೆ ನೆನಪಿಲ್ಲ. ಮಗಳ ಬೆನ್ನ ಮೇಲಿದ್ದ ನನ್ನ ಎಡಗೈಯನ್ನು ಏನೋ ಬಂದು ಹಿಡಿದುಕೊಂಡಿತು. ಅದೇನೆಂದು ಈಗಲೂ ತಿಳಿದಿಲ್ಲ. ಬಲಕ್ಕೆ ಎಳೆದದ್ದು ಅದೇ.